ಬಿಎಡ್ ಕ್ಲಾಸಲ್ಲಿ ಎಚ್‌ಐವಿ ಬಗ್ಗೆ ಒಂದು ಗಂಟೆ ಕೊಟ್ಟಿದಾರೆ, ಚಾರ್ಟು ಕ್ವಿಜ್ ಬಿಟ್ಟು ಏನ್ ಮಾಡ್ಲಿ?

ಚಾಕ್‌ಪೀಸ್ ಪುಡಿ:

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲೇ ಒಂದು ಕಾಲೇಜಲ್ಲಿ ಬಿಎಡ್ ಮೂರನೇ ಸೆಮ್ ಓದ್ತಿದೀನಿ, ಸೈನ್ಸ್. ಡಿಸೆಂಬರ್ 1 ವಿಶ್ವ ಏಡ್ಸ್ ದಿನ ಅಲ್ವಾ, ಈ ಸಲ ಪ್ರೋಗ್ರಾಮ್ ನೀನೇ ಮಾಡಮ್ಮ ಅಂತ ಪ್ರಿನ್ಸಿಪಾಲ್ ಮೇಡಂ ನನ್ ತಲೆಗೆ ಕಟ್ಟಿದಾರೆ, ಒಂದು ಗಂಟೆ ಟೈಮು, ಎದುರಿಗೆ ನಮ್ ಬ್ಯಾಚಿನ ತೊಂಬತ್ತು ಚಿಲ್ಲರೆ ಜನ. ಪ್ರತಿ ವರ್ಷ ಏನ್ ನಡಿಯತ್ತೆ ಅಂತ ಸೀನಿಯರ್ಸ್ ಹೇಳಿದ್ರು: ಗೇಟ್ ಹತ್ರ ಕೆಂಪು ರಿಬ್ಬನ್ ರಂಗೋಲಿ, ಎಲ್ರ ಎದೆಗೂ ಗುಂಡುಸೂಜೀಲಿ ಒಂದೊಂದು ರಿಬ್ಬನ್ (ಚುಚ್ಚಿಸ್ಕೊಂಡು ಅಯ್ಯೋ ಅನ್ನೋರು ಇಬ್ರು ಗ್ಯಾರಂಟಿ), ಹರಡೋ ದಾರಿಗಳ ಚಾರ್ಟು, ಕ್ವಿಜ್, ಪ್ರತಿಜ್ಞೆ, ಗ್ರೂಪ್ ಫೋಟೋ, ಟೀ ಬಿಸ್ಕೆಟ್, ಮುಗೀತು.

ನಂಗೆ ಅದು ಬೇಡ ಅನ್ಸ್ತಿದೆ. ಯಾಕೆ ಅಂದ್ರೆ ಈಗ ಇಂಟರ್ನ್‌ಶಿಪ್ ಮಾಡ್ತಿರೋದು ಒಂದು ಸರ್ಕಾರಿ ಶಾಲೇಲಿ. (ಎಡಿಟ್: ಏರಿಯಾ ಹೆಸ್ರು, ಕ್ಲಾಸು ಎರಡೂ ತೆಗ್ದಿದೀನಿ, ಕೆಳಗೆ ಒಬ್ರು ಬೈದಿದ್ದು ಸರಿಯಾಗೇ ಇತ್ತು.) ಹೋದ ಎರಡನೇ ದಿನಾನೇ ಅಲ್ಲಿನ ಮೆಂಟರ್ ಟೀಚರ್ ನನ್ನ ಪಕ್ಕಕ್ಕೆ ಕರ್ದು, ಆ ಹುಡ್ಗನ್ನ ಸ್ವಲ್ಪ ನೋಡ್ಕೊಳಮ್ಮ ಪಾಪ, ಅವ್ನಿಗೆ ಆ ಕಾಯಿಲೆ ಇದೆ ಅಂದ್ರು. ಕೆಟ್ಟ ಮನಸ್ಸಿಂದ ಅಲ್ಲ, ನಿಜವಾಗ್ಲೂ ಕಣ್ಣಲ್ಲಿ ನೀರು ತಂದ್ಕೊಂಡೇ ಹೇಳಿದ್ರು. ಅವತ್ತು ಬಿಸಿಯೂಟ ಆದ್ಮೇಲೆ ನೋಡ್ತೀನಿ, ಎಲ್ಲಾ ಮಕ್ಕಳ ಸ್ಟೀಲ್ ತಟ್ಟೆ ತೊಳ್ದು ನೀಲಿ ಟಬ್‌ನಲ್ಲಿ ಒಂದರ ಮೇಲೊಂದು ಬಿದ್ದಿದೆ, ಒಂದು ತಟ್ಟೆ ಮಾತ್ರ ಕಿಟಕಿ ಕಟ್ಟೆ ಮೇಲೆ ಗೋಡೆಗೆ ಒರಗಿಸಿ ಇಟ್ಟಿದೆ, ಯಾರದ್ದು ಅಂತ ಕೇಳೋ ಅಗತ್ಯಾನೇ ಇರ್ಲಿಲ್ಲ.

ಇದನ್ನ ನೋಡಿ ಸಿಟ್ಟು ಬಂತು ಅಂತ ಬರೆದು ನಾನು ದೊಡ್ಡೋಳಾಗ್ಬೋದಿತ್ತು, ಆದ್ರೆ ಅದಾಗಿ ಮೂರು ದಿನಕ್ಕೆ ಅದೇ ಹುಡ್ಗ ನೋಟ್ಸ್ ಕರೆಕ್ಷನ್‌ಗೆ ಬಂದ, ನನ್ ಮುಂದೇನೇ ಹೆಬ್ಬೆರಳು ನಾಲಿಗೆಗೆ ತಾಗಿಸಿ ಪುಟ ತಿರುವಿದ, ಎಲ್ಲಾ ಹುಡುಗ್ರೂ ಹಾಗೇ ಮಾಡೋದು. ನಾನು ಆ ಪುಸ್ತಕಾನ ಮೂಲೇಲಿ ಎರಡು ಬೆರಳಲ್ಲಿ ಹಿಡ್ಕೊಂಡೆ. ಹಿಡ್ಕೊಂಡ್ಮೇಲೆ ಗೊತ್ತಾಯ್ತು. ಅವ್ನೂ ನೋಡ್ದ. ಎಂಜಲಿಂದ ಬರಲ್ಲ ಅಂತ ನಂಗೆ ಪಿಯುಸಿಯಿಂದ ಗೊತ್ತು, ಕ್ವಿಜ್ ಇಟ್ಟಿದ್ರೆ ಹತ್ತಕ್ಕೆ ಹತ್ತು ತಗೀತಿದ್ದೆ.

ಹಾಗಾಗಿ ಪ್ರಶ್ನೆ ಇಷ್ಟೇ, ತಲೇಲಿ ಇರೋದು ಕೈಗೆ ಇಳಿಯೋ ಥರ ಒಂದು ಗಂಟೇಲಿ ಏನ್ ಮಾಡ್ಸ್‌ಬೋದು? ಇನ್ನೊಂದು, ಹೆಸ್ರು ಹೇಳ್ದೆ ಈ ಹುಡ್ಗನ ಕಥೇನೇ ಎಕ್ಸಾಂಪಲ್ ಆಗಿ ಹೇಳ್ಬೋದಾ?

---

ಸಮಾಲೋಚಕಿ:

ಮೊದ್ಲು ಪೋಸ್ಟ್ ಎಡಿಟ್ ಮಾಡಿ ಮೇಡಂ, ಈಗ್ಲೇ. ಏರಿಯಾ ಹಾಕಿದೀರ, ಕ್ಲಾಸ್ ಹಾಕಿದೀರ, ಹುಡುಗ ಅಂತ ಹಾಕಿದೀರ, ಆ ಕಡೆ ಇರೋ ಯಾರಾದ್ರೂ ಒಬ್ಬ ಪೇರೆಂಟ್ ಇದನ್ನ ಓದಿದ್ರೆ ಸಾಕು, ಸಂಜೆ ಒಳಗೆ ಆ ಮಗು ಮನೆ ಬಾಗ್ಲಿಗೆ ಹೋಗತ್ತೆ ಸುದ್ದಿ. ನಿಮ್ ಎರಡನೇ ಪ್ರಶ್ನೆಗೂ ಇದೇ ಉತ್ತರ. ಬೇಡ. ಹೆಸ್ರಿಲ್ದೇನೂ ಬೇಡ. ನಿಮ್ ಬ್ಯಾಚಿನ ಇನ್ನೂ ನಾಕು ಜನ ಅದೇ ಶಾಲೆಗೆ ಇಂಟರ್ನ್‌ಶಿಪ್‌ಗೆ ಬರ್ತಾರೆ ಅಲ್ವಾ?

ನಾನು ಎಆರ್‌ಟಿ ಸೆಂಟರ್‌ನಲ್ಲಿ (ಎಚ್‌ಐವಿ ಇರೋರಿಗೆ ಮಾತ್ರೆ ಕೊಡೋ ಕಡೆ) ಕೌನ್ಸೆಲರ್ ಆಗಿ ಸುಮಾರು ವರ್ಷ ಆಯ್ತು. ನಮ್ ಹತ್ರ ಬರೋ ಮಕ್ಕಳಿಗೆ ಶಾಲೆಯಿಂದ ಆಗೋ ತೊಂದ್ರೇಲಿ ನೇರವಾಗಿ ದೂಡಿದ್ದಕ್ಕಿಂತ ಜಾಸ್ತಿ ಈ ನಿಮ್ ಮೆಂಟರ್ ಟೀಚರ್ ಥರದ "ಪಾಪ ನೋಡ್ಕೊಳಮ್ಮ". ಆ ಟೀಚರ್‌ಗೆ ಯಾರು ಹೇಳಿದ್ರು? ಅಜ್ಜಿ ಹೇಳಿರ್ತಾರೆ, ನಂಬಿ. ಅವ್ರು ನಿಮ್ಗೆ ಹೇಳಿದ್ರು. ನೀವು ಇಲ್ಲಿ ಹೇಳಿದ್ರಿ. ಮೂರು ಜನಾನೂ ಒಳ್ಳೇವ್ರೇ, ಆದ್ರೆ ಗುಟ್ಟು ಮೂರು ಬಾಗ್ಲು ದಾಟಿ ಹೋಯ್ತು ನೋಡಿ.

ನಿಮ್ ಕ್ಲಾಸ್‌ಮೇಟ್ಸ್‌ಗೆ ಕಾನೂನು ಹೇಳ್ಲೇಬೇಕು, ಟೀಚರ್ ಆಗೋರಿಗೆ ಇದು ಗೊತ್ತೇ ಇರಲ್ಲ. ಎಚ್‌ಐವಿ ಮತ್ತು ಏಡ್ಸ್ ತಡೆಗಟ್ಟುವಿಕೆ ನಿಯಂತ್ರಣ ಕಾಯ್ದೆ ಅಂತ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರೀಲಿದೆ. ಶಾಲೇಲಿ ಸೀಟು ಕೊಡಲ್ಲ ಅನ್ನೋದು, ಬೇರೆ ಕೂರ್ಸೋದು, ತೆಗ್ದುಹಾಕೋದು ಎಲ್ಲಾ ತಪ್ಪು. ಅಡ್ಮಿಷನ್‌ಗೋ ಕೆಲ್ಸಕ್ಕೋ ಎಚ್‌ಐವಿ ಟೆಸ್ಟ್ ಮಾಡಿಸ್ಕೊಂಡ್ ಬನ್ನಿ ಅನ್ನೋ ಹಾಗಿಲ್ಲ. ನಂಬಿಕೆ ಮೇಲೆ ತಿಳ್ಕೊಂಡಿದ್ದನ್ನ ಅವ್ರ ಒಪ್ಪಿಗೆ ಇಲ್ದೆ ಇನ್ನೊಬ್ರಿಗೆ ಹೇಳೋ ಹಾಗಿಲ್ಲ. ಇನ್ನೊಂದು ವಿಷ್ಯ ಇದೆ, ಇದನ್ನ ಕೇಳಿದ್ರೆ ಹೆಡ್‌ಮಾಸ್ಟ್ರುಗಳೇ ಬೆಚ್ಚಿ ಬೀಳ್ತಾರೆ: ಅಪ್ಪ ಅಮ್ಮ ಇಲ್ದೆ ಅಥವಾ ಅವ್ರು ಹಾಸಿಗೆ ಹಿಡ್ದಿರೋ ಇಂಥ ಮನೇಲಿ 12 ತುಂಬಿರೋ ಅಕ್ಕನೋ ಅಣ್ಣನೋ ಮನೆ ನಡೆಸೋ ಅಷ್ಟು ತಿಳುವಳಿಕೆ ಇರೋರಾದ್ರೆ ತಮ್ಮ ತಂಗಿ ಅಡ್ಮಿಷನ್‌ಗೆ ಗಾರ್ಡಿಯನ್ ಆಗ್ಬೋದು. ಏಳನೇ ಕ್ಲಾಸ್ ಯೂನಿಫಾರ್ಮ್ ಹಾಕ್ಕೊಂಡಿರೋ ಹುಡುಗಿ ಒಂದನೇ ಕ್ಲಾಸಿನ ತಮ್ಮನ್ನ ಕೈಹಿಡ್ಕೊಂಡು ಆಫೀಸ್ ರೂಮಿಗೆ ಬಂದ್ರೆ "ದೊಡ್ಡೋರನ್ನ ಕರ್ಕೊಂಡ್ ಬಾ ಹೋಗು" ಅಂತ ಕಳ್ಸೋ ಮುಂಚೆ ಇದು ನೆನಪಿರ್ಬೇಕು.

ಕಾಯಿಲೆ ವಿಷ್ಯಕ್ಕೆ ಬಂದ್ರೆ ಹಳೇ ತಲೆಬುರುಡೆ ಪೋಸ್ಟರ್ ಮನಸ್ಸಿಂದ ತೆಗೀರಿ. ಈಗ ದೊಡ್ಡೋರಿಗೆ ದಿನಕ್ಕೊಂದು ಮಾತ್ರೆ, ಸರ್ಕಾರಿ ಸೆಂಟರಲ್ಲಿ ಫ್ರೀ. ಮಕ್ಕಳಿಗೆ ತೂಕ ನೋಡಿ ಡೋಸು. ಸರಿಯಾಗಿ ತಗೊಂಡ್ರೆ ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಇಳಿಯತ್ತೆ, ಆಗ ಗಂಡ ಹೆಂಡ್ತಿ ಮಧ್ಯೆ ಲೈಂಗಿಕವಾಗೂ ಹರಡಲ್ಲ. ತಾಯಿಗೆ ಚಿಕಿತ್ಸೆ ಇಲ್ದೆ ಇದ್ರೆ ಮಗುಗೆ ಬರೋ ಸಾಧ್ಯತೆ ನೂರಕ್ಕೆ 15ರಿಂದ 45, ಚಿಕಿತ್ಸೆ ಇದ್ರೆ 5ಕ್ಕಿಂತ ಕಮ್ಮಿ.

ಟೀಚರ್ ಮಾಡ್ಬೋದಾದ ಕೆಲ್ಸ ಕೇಳಿದ್ರೆ ನಾನು ಮೊದ್ಲು ರಜೆ ವಿಷ್ಯ ಹೇಳ್ತೀನಿ. ಮಾತ್ರೆ ತರೋಕೆ ಮಗು ಆಗಾಗ ಒಂದಿನ ಶಾಲೆ ತಪ್ಪಿಸ್ಕೊಳತ್ತೆ, ರಜಾ ಚೀಟೀಲಿ ಪ್ರತಿ ಸಲ ಹೊಟ್ಟೆನೋವು. ಹಾಜರಾತಿ ಕೂಗುವಾಗ ಎಲ್ರ ಮುಂದೆ "ಏನೋ ನಿಂಗೆ ತಿಂಗ್ಳಿಗೊಂದ್ಸಲ ಹೊಟ್ಟೆನೋವು?" ಅಂತ ಕೇಳ್ಬೇಡಿ. ಯಾವ ಮಗುಗೂ ಕೇಳ್ಬೇಡಿ.

---

ರಾಜಾಜಿನಗರ ಅಪ್ಪ:

ನಾನು ಟೀಚರ್ ಅಲ್ಲ, ಇಬ್ರು ಮಕ್ಕಳ ತಂದೆ. ಬೈಬೇಡಿ, ಮನಸ್ಸಲ್ಲಿರೋದನ್ನ ಕೇಳ್ತೀನಿ. ಕಾನೂನು ಗೀನೂನು ಎಲ್ಲಾ ಸರಿ, ಆ ಮಗು ಓದ್ಬೇಕು ಅದೂ ಸರಿ. ಆದ್ರೆ ಮಕ್ಕಳು ಅಂದ್ಮೇಲೆ ಬೀಳ್ತಾರೆ, ಮಂಡಿ ಕಿತ್ಕೊಳ್ತಾರೆ, ಕಚ್ತಾರೆ ಕೂಡ. ಯಾವ ಮಗುಗೆ ಇದೆ ಅಂತ ಕ್ಲಾಸ್ ಟೀಚರ್‌ಗಾದ್ರೂ ಗೊತ್ತಿದ್ರೆ ಹುಷಾರಾಗಿರ್ಬೋದಲ್ವಾ? ಗೊತ್ತಿಲ್ದೆ ಬರಿಗೈಲಿ ರಕ್ತ ಒರೆಸಿದ್ರೆ?

---

ಸಮಾಲೋಚಕಿ:

ಕೇಳಿದ್ದು ಒಳ್ಳೇದೇ ಆಯ್ತು ಸರ್, ಎಲ್ರ ಮನಸ್ಸಲ್ಲೂ ಇರೋದು ಇದೇ. ಈಗ ನೋಡಿ, ಟೀಚರ್‌ಗೆ ಒಂದು ಮಗು ಹೆಸ್ರು ಗೊತ್ತು ಅಂತಿಟ್ಕೊಳಿ. ಆ ಮಗು ಬಿದ್ರೆ ಗ್ಲೌಸು, ಮಿಕ್ಕ ಮೂವತ್ತೊಂಬತ್ತು ಮಕ್ಕಳು ಬಿದ್ರೆ ಬರಿಗೈ. ಆ ಮೂವತ್ತೊಂಬತ್ರಲ್ಲಿ ಯಾರಿಗೆ ಏನಿದೆ ಅಂತ ಯಾರಿಗ್ ಗೊತ್ತು, ಹೆಪಟೈಟಿಸ್ ಬಿ ಇರ್ಬೋದು, ಟೆಸ್ಟೇ ಮಾಡಿಸ್ದೆ ಇರೋ ಎಚ್‌ಐವಿ ಇರ್ಬೋದು. ಹೆಸ್ರು ತಿಳ್ಕೊಂಡ್ರೆ ಧೈರ್ಯ ಬರತ್ತೆ ಅಷ್ಟೇ, ಕಾಪಾಡಲ್ಲ. ಮಾತ್ರೆ ಸರಿಯಾಗಿ ತಗೊಳ್ತಿರೋ ಮಗು ಲೆಕ್ಕಕ್ಕೆ ಬಂದ್ರೆ ಅದರಿಂದ ಅಪಾಯ ಇನ್ನೂ ಕಮ್ಮಿ.

ಅದಕ್ಕೇ ನಿಯಮ ಏನಂದ್ರೆ ಯಾರ ರಕ್ತ ಆದ್ರೂ ಗ್ಲೌಸು. ಗಾಯದ ಮೇಲೆ ಬಟ್ಟೆ ಒತ್ತಿ, ಆಗೋ ಅಷ್ಟು ದೊಡ್ಡ ಮಗು ಆದ್ರೆ ಅದರ ಕೈಲೇ ಒತ್ತಿ ಹಿಡಿಸಿ. ನೆಲದ ಮೇಲೆ ಬಿದ್ದಿದ್ದಕ್ಕೆ ಬ್ಲೀಚಿಂಗ್ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಸೋಪು ನೀರಲ್ಲಿ ಕೈ ತೊಳೀರಿ. ಗಾಯ ಇಲ್ದಿರೋ ಚರ್ಮದ ಮೇಲೆ ರಕ್ತ ಬಿದ್ರೆ ತೊಳ್ಕೊಂಡ್ರೆ ಸಾಕು. ಆಸ್ಪತ್ರೇಲಿ ಸೋಂಕಿರೋ ರಕ್ತದ ಸೂಜೀನೇ ಚುಚ್ಕೊಂಡ್ರೂ ಎಚ್‌ಐವಿ ಬರೋ ಸಾಧ್ಯತೆ ಸಾವಿರಕ್ಕೆ ಮೂರರಷ್ಟು, ಅದಕ್ಕೂ 72 ಗಂಟೆ ಒಳಗೆ ಶುರು ಮಾಡೋ 28 ದಿನದ ಮಾತ್ರೆ ಇದೆ. ಮಂಡಿ ಕಿತ್ಕೊಂಡಿದ್ದಕ್ಕೆ ನೀವು ನಿದ್ದೆಗೆಡೋ ಅವಶ್ಯಕತೆ ಇಲ್ಲ. ಇನ್ನೂ ಡೌಟ್ ಇದ್ರೆ ಏಡ್ಸ್ ಸಹಾಯವಾಣಿ 1097ಗೆ ಫೋನ್ ಮಾಡಿ, ಫ್ರೀ, ಹೆಸ್ರೂ ಹೇಳ್ಬೇಕಾಗಿಲ್ಲ.

---

ರಾಜಾಜಿನಗರ ಅಪ್ಪ:

ಸರಿ ಮೇಡಂ. ಲೆಕ್ಕ ಅರ್ಥ ಆಯ್ತು. ಆದ್ರೂ ಒಂಥರಾ ಅನ್ಸತ್ತೆ, ಸುಳ್ಳು ಹೇಳಲ್ಲ.

---

ಹಳೇ ಲೆಸನ್ ಪ್ಲಾನ್:

"ಆದ್ರೂ ಒಂಥರಾ". ಇದೇ ಸರ್ ವಿಷ್ಯ! ಚಾಕ್‌ಪೀಸ್ ಪುಡಿಯವ್ರು ಎರಡು ಬೆರಳಲ್ಲಿ ಹಿಡ್ಕೊಂಡಿದ್ದೂ ಅದೇ ಒಂಥರಾ. ಅದಕ್ಕೆ ಚಾರ್ಟ್ ಔಷಧಿ ಅಲ್ಲ.

ನಾನು ಇಪ್ಪತ್ತು ವರ್ಷದಿಂದ ಡಿಎಡ್ ಬಿಎಡ್ ಮಕ್ಕಳಿಗೆ ಪಾಠ ಮಾಡ್ತಿರೋನು. ಎಚ್‌ಐವಿ ಅನ್ನೋದು ನಮ್ಮಲ್ಲಿ ಆರೋಗ್ಯ ಶಿಕ್ಷಣದ ಒಂದು ಟಾಪಿಕ್, ಐದು ಮಾರ್ಕ್ಸಿಗೆ ಬರ್ಬೋದು ಬರ್ದೇನೂ ಇರ್ಬೋದು. 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಅಂತ ಕೇಂದ್ರದಿಂದ ಬಂತು, 2007ರಲ್ಲಿ ಲೈಂಗಿಕ ಶಿಕ್ಷಣ ನಮ್ ಸಂಸ್ಕೃತಿಗೆ ಒಗ್ಗಲ್ಲ ಅಂತ ಬೇರೆ ಬೇರೆ ರಾಜ್ಯಗಳಲ್ಲಿ ಗಲಾಟೆ ಆಗಿ ನಮ್ಮಲ್ಲೂ ನಿಲ್ಸಿದ್ರು. ಆಗ ಹೈಸ್ಕೂಲಲ್ಲಿದ್ದೋರೇ ಈಗ ಟೀಚರ್‌ಗಳು. ಹತ್ತನೇ ಕ್ಲಾಸ್ ವಿಜ್ಞಾನದಲ್ಲಿ ಸಂತಾನೋತ್ಪತ್ತಿ ಪಾಠದಲ್ಲಿ ಎಚ್‌ಐವಿ ಹೆಸ್ರು ಬರತ್ತೆ, ಆ ಪುಟ ಬಂದ್ರೆ "ಇದನ್ನ ಮನೇಲಿ ಓದ್ಕೊಳ್ಳಿ" ಅನ್ನೋ ಟೀಚರ್‌ಗಳನ್ನ ನಾನೇ ಹಿಂದಿನ ಬೆಂಚಲ್ಲಿ ಕೂತು ಅಬ್ಸರ್ವ್ ಮಾಡಿದೀನಿ, ಪಾಠ ಚೆನ್ನಾಗಿತ್ತು ಅಂತ ಸಹಿ ಹಾಕಿ ಬಂದಿದ್ದೂ ಉಂಟು, ನಾನೇನ್ ಸಾಚಾ ಅಲ್ಲ.

ಈಗ ನಿಮ್ ಒಂದು ಗಂಟೆ. ಬಿಎಡ್‌ನವ್ರಿಗೆ ಕೈ ಪಳಗಿರೋ ವಿದ್ಯೆ ಒಂದೇ, ಮೈಕ್ರೋ ಟೀಚಿಂಗ್, ಅಂದ್ರೆ ಕ್ಲಾಸ್‌ಮೇಟ್ಸ್ ಮುಂದೇನೇ ಒಂದೊಂದೇ ಕೌಶಲಕ್ಕೆ ಮಾಡೋ ಪುಟಾಣಿ ಪಾಠ. 6 ನಿಮಿಷ ಟೀಚ್, 6 ಫೀಡ್‌ಬ್ಯಾಕ್, 12 ರೀಪ್ಲಾನ್, 6 ರೀಟೀಚ್, ಮತ್ತೆ 6 ಫೀಡ್‌ಬ್ಯಾಕ್, ಒಟ್ಟು 36 ನಿಮಿಷ, ನಿಮ್ ಟೈಮಿಗೆ ಅಚ್ಚುಕಟ್ಟು. ಪ್ರಶ್ನೆ ಕೇಳೋ ಕೌಶಲ, ಕಪ್ಪುಹಲಗೆ ಬಳಸೋ ಕೌಶಲ ಅಂತ ಮಾಡ್ತೀರಲ್ಲ, ಇದಕ್ಕೂ ಹಾಗೇ ಮಾಡಿ. ಕೌಶಲದ ಹೆಸ್ರು: ಸ್ಟಾಫ್ ರೂಮಲ್ಲಿ ಬಾಯಿ ಮುಚ್ಚಿಸೋದು. ಒಬ್ರು ಸೀನಿಯರ್ ಟೀಚರ್ ಪಾತ್ರ ಮಾಡ್ಲಿ, ಬಿಸ್ಕೆಟ್ ಅದ್ದಿಕೊಳ್ತಾ "ಏ ಗೊತ್ತಾಯ್ತಾ, ಆ ಮಗು ಮನೇಲಿ ಎಲ್ರಿಗೂ ಅದಂತೆ" ಅಂತ ಶುರು ಮಾಡ್ಲಿ. ಇನ್ನೊಬ್ರು ಹೊಸದಾಗಿ ಕೆಲ್ಸಕ್ಕೆ ಸೇರಿರೋರು, ಆ ಮಾತನ್ನ ನಿಲ್ಲಿಸ್ಬೇಕು, ಸೀನಿಯರ್‌ಗೆ ಅವಮಾನ ಆಗ್ಬಾರ್ದು, ನಾಳೆನೂ ಅದೇ ಟೇಬಲ್ಲಲ್ಲಿ ಊಟ ಮಾಡ್ಬೇಕಲ್ಲ. ಏನಂತೀರಾ? ಬಾಯಿ ಬಿಟ್ಟು ಹೇಳಿ ನೋಡಿ, ಎಷ್ಟು ಕಷ್ಟ ಗೊತ್ತಾಗತ್ತೆ. ಕ್ವಿಜ್‌ನಲ್ಲಿ ಫಸ್ಟ್ ಬರೋ ಹುಡುಗಿ ಇಲ್ಲಿ ತೊದಲ್ತಾಳೆ. ನಾನು ಎರಡು ಬ್ಯಾಚಿಗೆ ಮಾಡ್ಸಿದೀನಿ, ರೀಟೀಚ್‌ನಲ್ಲಿ ಒಬ್ಬ ಹುಡುಗ "ಮೇಡಂ, ನಂಗೆ ಇದು ಗೊತ್ತಾಗೋದು ಬೇಡ" ಅಂತ ಇಷ್ಟೇ ಅಂದ, ಇಡೀ ಕ್ಲಾಸ್ ಸುಮ್ನಾಯ್ತು.

ಇನ್ನೊಂದು ಸಣ್ಣ ಜಗಳ ಇದೆ ನಂದು. ಪುಸ್ತಕದಲ್ಲಿ "ಕಳಂಕ ನಿವಾರಣೆ" ಅಂತ ಬರೀತಾರೆ. ಕಳಂಕ ಅಂದ್ರೆ ಕಲೆ, ಕಲೆ ಯಾರ ಮೈಮೇಲಿದೆ? ಆ ಮಗು ಮೈಮೇಲೆ ಅನ್ನೋ ಹಾಗೆ ಆಯ್ತಲ್ಲ, ನಾವು ಪುಣ್ಯಾತ್ಮರು ಅದನ್ನ ತೊಳಿಯೋಕೆ ಹೊರಟಿದೀವಿ. "ದೂರ ಇಡೋದು" ಅನ್ನಿ, ಆಗ ಯಾರು ಇಡ್ತಿದಾರೆ ಅಂತ ಪ್ರಶ್ನೆ ತಾನಾಗೇ ಬರತ್ತೆ.

ಹೆಸ್ರಿಲ್ದೆ ಕಥೆ ಹೇಳೋದು ಬೇಡ ಅಂತ ಮೇಡಂ ಹೇಳಿದ್ದು ನೂರಕ್ಕೆ ನೂರು. ಅಷ್ಟು ಬೇಕೇ ಬೇಕು ಅಂದ್ರೆ ಎಲ್ರಿಗೂ ಗೊತ್ತಾಗಿರೋ ಹಳೇ ಪ್ರಸಂಗ ತಗೊಳ್ಳಿ. ಕೇರಳದ ಕೊಲ್ಲಂ ಜಿಲ್ಲೇಲಿ ಒಡಹುಟ್ಟಿದ ಇಬ್ರು ಪುಟ್ಟ ಮಕ್ಕಳನ್ನ ಶಾಲೆಗೆ ಸೇರಿಸ್ಬೇಡಿ ಅಂತ ಊರವ್ರೆಲ್ಲ ಎದ್ದಿದ್ರು, 2003ರಲ್ಲಿ ಆಗಿನ ಕೇಂದ್ರ ಆರೋಗ್ಯ ಮಂತ್ರಿ ಸುಷ್ಮಾ ಸ್ವರಾಜ್ (ನಮ್ ಬಳ್ಳಾರೀಲಿ ನಿಂತಿದ್ರಲ್ಲ, ಅವ್ರೇ) ಆ ಮಕ್ಕಳನ್ನ ಎಲ್ರ ಮುಂದೆ ತಬ್ಕೊಂಡ್ರು. ದೊಡ್ಡ ಕೆಲ್ಸಾನೇ. ಆದ್ರೆ ಆ ಇಬ್ರು ಮಕ್ಕಳ ಮುಖ ಹೆಸ್ರು ಇಡೀ ದೇಶದ ಪೇಪರಲ್ಲಿ ಬಂತು ನೋಡಿ. ಎರಡೂ ಒಟ್ಟಿಗೆ ಇಟ್ಟು ಕ್ಲಾಸಲ್ಲಿ ಚರ್ಚೆ ಮಾಡ್ಸಿ, ಜಗಳ ಆಡ್ಲಿ.

---

ನಿವೃತ್ತ ಅಕ್ಕೋರು:

ನಮಸ್ಕಾರ್ರಿ. ನಾನು ಬಾಗಲಕೋಟಿ ಕಡೆಯಾಕಿ, ಮೂವತ್ತೆರಡು ವರ್ಷ ಸಾಲ್ಯಾಗ ದುಡದು ಈಗ ಮಗನ ಕೂಡ ವಿಜಯನಗರದಾಗ ಅದೀನಿ. ಮೊಮ್ಮಗ ಟೈಪ್ ಮಾಡೂದು ಕಲಿಸ್ಯಾನ, ತಪ್ಪಾದ್ರ ನಗಬ್ಯಾಡ್ರಿ.

ಮ್ಯಾಲೆ ಆ ತಂಗಿ ಬರದಿದ್ದು ಓದಿ ನನ್ನ ತಪ್ಪು ನೆನಪಾತು. 2005ರಾಗ ಇರಬೇಕು, ಒಬ್ಬಾಕಿ ಮುದುಕಿ ಮೂರನೇತ್ತಾ ಓದೂ ಮೊಮ್ಮಗಳನ್ನ ಕರಕೊಂಡು ಬಂದ್ಲು. ಅಪ್ಪ ಅವ್ವ ಇಬ್ರೂ ಹೋಗಿದ್ರು. ಆವಾಗ ನಮ್ಮ ಕಡೆ ಆ ಜಡ್ಡು ಭಾಳ, ಗುಳಿಗಿ ಪುಕ್ಕಟೆ ಕೊಡಾಕ ಸರ್ಕಾರ ಸುರು ಮಾಡಿದ್ದು 2004ರಾಗ, ಅದೂ ಎಲ್ಲೋ ದೊಡ್ಡ ದವಾಖಾನಿಯೊಳಗ ಅಷ್ಟ. ಮುದುಕಿ ನನ್ನ ಕಿವ್ಯಾಗ ಹೇಳಿದ್ಲು, ಅಕ್ಕೋರ ನಿಮಗೊಬ್ರಿಗೇ ಹೇಳಾಕತ್ತೀನಿ ಅಂತ. ನನಗ ಕರಳು ಚುರ್ ಅಂತು. ಆ ಕೂಸನ್ನ ನನ್ನ ಖುರ್ಚಿ ಬಾಜೂಕ ಕೂಡಿಸಿದೆ. ನನ್ನ ಡಬ್ಬಿಯೊಳಗಿಂದ ರೊಟ್ಟಿ ಕೊಟ್ಟೆ. ಓಡಬ್ಯಾಡ ಬೀಳ್ತಿ ಅಂದೆ, ಕಸಾ ಹೊಡಿಯೂ ಪಾಳಿ ಬಂದ್ರ ಬಿಡಿಸಿದೆ, ಬಾಜೂ ಕ್ಲಾಸಿನ ಅಕ್ಕೋರಿಗೂ ನೋಡ್ಕೋರಿ ಅಂತ ಹೇಳಿದೆ. ಹುಡುಗರು ಮನಿಗೆ ಹೋಗಿ, ಆಕಿಗೆ ಯಾಕ ಬರೇ ಲಾಡ ಮಾಡ್ತಾರ ಅಂತ ಕೇಳ್ಯಾವು. ಹದಿನೈದು ದಿನಕ್ಕ ಊರಿಗೆಲ್ಲ ಗೊತ್ತಾತು. ಮುದುಕಿ ಟಿಸಿ ಕೇಳಾಕ ಬಂದಾಗ ಬೈಲಿಲ್ಲರಿ. "ಅಕ್ಕೋರ, ನೀವು ಆಕಿನ್ನ ಎಲ್ಲಾರ ಜೋಡಿ ಬಡದಿದ್ರ ಚೊಲೋ ಇತ್ತು" ಅಂದ್ಲು, ಕೂಸಿನ ಕೈ ಹಿಡಕೊಂಡು ಹೋದ್ಲು. ಆ ಕೂಸು ಮುಂದ ಏನಾತು ನನಗ ಗೊತ್ತಿಲ್ಲ.

ಬಡೀಬೇಕು ಅಂತ ಅಲ್ಲ ಮತ್ತ, ಈಗಿನ ಕಾಲದಾಗ ಹಂಗ ಅನ್ನಬಾರದು. ಆಕಿ ಹೇಳಿದ್ದು ಹಂಗಿತ್ತು.

---

ಹೆಸರು ಬೇಡ:

ಬೇರೆ ಅಕೌಂಟ್ ಮಾಡ್ಕೊಂಡು ಬರೀತಿದೀನಿ. ನಂಗೆ 26, ಹುಟ್ಟಿದಾಗಿಂದ ಪಾಸಿಟಿವ್. ಬೆಂಗಳೂರಲ್ಲೇ ಟ್ಯೂಷನ್ ಹೇಳ್ಕೊಡ್ತೀನಿ, ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಟೆಸ್ಟಿಗೆ ಸಿಗದ ಮಟ್ಟಕ್ಕೆ ಬಂದು ವರ್ಷಗಳೇ ಆಗಿದೆ.

ಗ್ಲೌಸ್ ವಿಷ್ಯ ಬಂತಲ್ಲ ಅದಕ್ಕೆ ಹೇಳ್ತೀನಿ. ಹೈಸ್ಕೂಲಲ್ಲಿ ಕಬಡ್ಡಿ ಆಡ್ತಾ ನಾನು ಬಿದ್ದು ಮೊಣಕೈ ತರಚಿ ರಕ್ತ ಬಂತು, ಪಿಟಿ ಸರ್ ಬಂದ್ರು, ಜೇಬಿಂದ ಗ್ಲೌಸ್ ತೆಗ್ದು ಹಾಕ್ಕೊಂಡ್ರು. ನಂಗೆ ಎದೆ ಧಸಕ್ ಅಂತು. ಗೊತ್ತಾಗ್ಬಿಟ್ಟಿದೆ ಇವ್ರಿಗೆ, ಯಾರ್ ಹೇಳಿದ್ರು, ನಾಳೆ ಟೀಮಿಂದ ತೆಗೀತಾರೆ, ನಾಡಿದ್ದು ಶಾಲೆಯಿಂದ. ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಎರಡು ದಿನ ಬಿಟ್ಟು ನಮ್ ಕ್ಯಾಪ್ಟನ್‌ಗೆ ಮೂಗಲ್ಲಿ ರಕ್ತ ಬಂತು, ಅವ್ನು ಎಂಎಲ್‌ಎ ಕಡೆಯವ್ರ ಮಗ, ಸರ್ ಅದೇ ಥರ ಜೇಬಿಗೆ ಕೈ ಹಾಕಿ ಗ್ಲೌಸ್ ಹಾಕ್ಕೊಂಡ್ರು. ನಾನು ಔಟ್‌ಲೈನ್ ಹತ್ರ ನಿಂತು ಅದನ್ನೇ ನೋಡ್ತಿದ್ದೆ. ಸರ್‌ಗೆ ನನ್ ವಿಷ್ಯ ಗೊತ್ತಿತ್ತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ ನಂಗೆ.

ಬಿಎಡ್ ಮಾಡೋ ಆಸೆ ನಂಗೂ ಇದೆ, ಮೆಡಿಕಲ್ ಫಿಟ್‌ನೆಸ್ ಅಂತ ಒಂದು ಪೇಪರ್ ಕೇಳಿದ್ದಕ್ಕೆ ಎರಡು ವರ್ಷ ಹಿಂದೆ ಅರ್ಜೀನೇ ಹಾಕ್ಲಿಲ್ಲ. ಮೇಲೆ ಟೆಸ್ಟ್ ಕೇಳೋ ಹಾಗಿಲ್ಲ ಅಂದ್ರಲ್ಲ, ಅದು ಖಚಿತಾನಾ?

---

ಸಮಾಲೋಚಕಿ:

ಖಚಿತ. ಫಿಟ್‌ನೆಸ್ ಅಂದ್ರೆ ಓದೋಕೆ ಕೆಲ್ಸ ಮಾಡೋಕೆ ಆರೋಗ್ಯವಾಗಿದಾರೆ ಅಂತ ಡಾಕ್ಟರ್ ಸಹಿ, ನೀವು ಆರೋಗ್ಯವಾಗೇ ಇದೀರ. ಎಚ್‌ಐವಿ ರಿಪೋರ್ಟ್ ತನ್ನಿ ಅಂದ್ರೆ ಅದನ್ನ ಬರವಣಿಗೇಲಿ ಕೊಡಿ ಅನ್ನಿ, ಅಲ್ಲೇ ಅರ್ಧ ಜನ ಹಿಂದೆ ಸರೀತಾರೆ. ಸರೀಲಿಲ್ಲ ಅಂದ್ರೆ ಈ ಕಾಯ್ದೆ ಕೆಳಗೆ ದೂರು ಕೇಳೋಕೆ ಒಂಬುಡ್ಸ್‌ಮನ್ ಅಂತ ಇರ್ತಾರೆ, ಹೋಗ್ಬೋದು. ಈ ಸಲ ಅರ್ಜಿ ಹಾಕಿ. ನಿಮ್ ಎಆರ್‌ಟಿ ಸೆಂಟರ್ ಕೌನ್ಸೆಲರ್ ಹತ್ರ ಮೊದ್ಲು ಮಾತಾಡಿ, ಇಲ್ಲಿ ಇನ್ನೇನೂ ಡೀಟೇಲ್ಸ್ ಹಾಕ್ಬೇಡಿ.

---

ಚಾಕ್‌ಪೀಸ್ ಪುಡಿ:

ಡಿಸೆಂಬರ್ 3, ಅಪ್‌ಡೇಟ್. ಮಾಡಿದ್ವಿ! ರಂಗೋಲಿ ಹಾಕೋರು ಹಾಕಿದ್ರು, ಬೇಡ ಅನ್ನೋಕೆ ಆಗ್ಲಿಲ್ಲ, ರಿಬ್ಬನ್ ಮಾತ್ರ ಸೂಜಿ ಬೇಡ ಅಂತ ಸ್ಟಿಕ್ಕರ್ ಮಾಡಿಸ್ದೆ. ಮೈಕ್ರೋ ಟೀಚಿಂಗ್‌ಗೆ ಎಲ್ರೂ ಮೊದ್ಲು ನಕ್ಕಿದ್ದೇ ನಕ್ಕಿದ್ದು, ಸೀನಿಯರ್ ಟೀಚರ್ ಪಾತ್ರಕ್ಕೆ ನಮ್ ಬ್ಯಾಚಿನ ಬಾಯಿಬಡ್ಕಿನ ಹಾಕಿದ್ದೆ, ಅವ್ಳು ಬಿಸ್ಕೆಟ್ ಬೇರೆ ತಂದಿದ್ಲು. ಮೊದ್ಲನೇ ಸುತ್ತಲ್ಲಿ ಮಾಡಿದ ನಾಕೂ ಜನ "ಅಯ್ಯೋ ಹೌದಾ ಮೇಡಂ, ಯಾರು?" ಅಂತಾನೇ ಶುರು ಮಾಡಿದ್ರು, ಮಾಡಿದ್ಮೇಲೆ ತಾವೇ ತಲೆ ಚಚ್ಕೊಂಡ್ರು. ಹಳೇ ಲೆಸನ್ ಪ್ಲಾನ್ ಸರ್, 36 ನಿಮಿಷ ಸಾಕಾಗ್ಲಿಲ್ಲ, ರೀಪ್ಲಾನ್‌ನಲ್ಲೇ ಜಗಳ ಹತ್ಕೊಂಡು ಊಟದ ಬೆಲ್ ಆಯ್ತು. ಒಬ್ಬ ಹುಡ್ಗ, ನಾಳೆ ನಮ್ ಸ್ಟಾಫ್ ರೂಮಲ್ಲಿ ಒಬ್ಬ ಟೀಚರ್‌ಗೇ ಇದ್ರೆ ಅಂತ ಕೇಳ್ದ. ಯಾರೂ ಏನೂ ಹೇಳ್ಲಿಲ್ಲ. ನಾನು ಪಿಟಿ ಸರ್ ಕಥೆ ಹೇಳೋಣ ಅನ್ಕೊಂಡೆ, ಹೇಳ್ಲಿಲ್ಲ, ಅದು ನನ್ನದಲ್ಲ.

ಫಸ್ಟ್ ಏಡ್ ಬಾಕ್ಸ್ ತೆಗ್ದು ನೋಡಿದ್ವಿ, ಖಾಲಿ ಡೆಟಾಲ್ ಬಾಟ್ಲಿ, ತುಕ್ಕು ಹಿಡ್ದಿರೋ ಕತ್ರಿ ಇತ್ತು. ಪ್ರಿನ್ಸಿಪಾಲ್ ಮೇಡಂ ಗ್ಲೌಸ್ ಡಬ್ಬಿಗೆ ದುಡ್ಡು ಕೊಟ್ಟಿದಾರೆ, ಇಂಟರ್ನ್‌ಶಿಪ್ ಕಿಟ್‌ಗೆ ಎರಡೆರಡು ಜೊತೆ ಹಾಕ್ತೀವಿ.

ಆಮೇಲೆ ತಟ್ಟೆ ವಿಷ್ಯ. ನಿನ್ನೆ ಶಾಲೇಲಿ ಅಡುಗೆಯಮ್ಮನ್ನ ಸುಮ್ನೆ ಮಾತಿಗೆ ಕೇಳ್ದೆ, ಕಿಟಕಿ ಮೇಲೆ ತಟ್ಟೆ ಇಟ್ಟಿರೋದ್ಯಾರು, ಬೀಳಲ್ವಾ ಅಂತ. "ಅವ್ನೇ ಇಟ್ಕೊಳ್ತಾನೆ ಮಿಸ್ಸು, ನಾನ್ ಟಬ್‌ಗೆ ಹಾಕೋ ಅಂದ್ರೆ ಬ್ಯಾಡ ಅಂತಾನೆ" ಅಂದ್ರು. ನಾನು ಇಷ್ಟು ದಿನ ಆಯಮ್ಮನ ಮೇಲೆ ಸಿಟ್ಟಾಗಿದ್ದೆ. ಈಗ ಏನ್ ಮಾಡ್ಲಿ, ಅವ್ನ್ ಹತ್ರ ಮಾತಾಡ್ಲಾ?

---

ಸಮಾಲೋಚಕಿ:

ಬೇಡ. ಮಾತಾಡಿದ್ರೆ ನಿಮ್ಗೆ ಗೊತ್ತು ಅಂತ ಅವ್ನಿಗೆ ಗೊತ್ತಾಗತ್ತೆ.

---

ನಿವೃತ್ತ ಅಕ್ಕೋರು:

ಗಂಗಾಳ ಅಲ್ಲೇ ಇರ್ಲಿ ಬಿಡವಾ. ಊಟಕ್ಕ ಕುಂದ್ರುವಾಗ ಯಾರ ಬಾಜೂಕ ಕುಂದರ್ತಾನ, ಅದನ್ನ ನೋಡು ಮೊದಲ. ಮತ್ತ ನೋಟಬುಕ್ಕು ಗಟ್ಟಿ ಹಿಡಿ.